ವಿಷವಾಯುವಿಗೆ ಮೈಯೊಡ್ಡಿದವರ ಋಣ

ಯುದ್ಧವು ಮುಗಿಯಿತೆಂದು ಸಂಧಿಪತ್ರವು ಸಾರಿದ ಮಾತ್ರಕ್ಕೆ ಸೈನಿಕನ ಶರೀರದಲ್ಲಿ ಅದು ಮುಗಿಯುವುದಿಲ್ಲ. ಕೈಕಾಲು ಕಳೆದುಕೊಂಡವನ ನಷ್ಟವು ಎಲ್ಲರ ಕಣ್ಣಿಗೂ ಬೀಳುವುದು. ಅಂಥವನಿಗೆ ಸರಕಾರಗಳು ಪದಕವನ್ನೋ ಪಿಂಚಣಿಯನ್ನೋ ಕೊಟ್ಟು ತಮ್ಮ ಋಣ ತೀರಿತೆಂದು ಭಾವಿಸುವುವು. ವಿಷವಾಯುವಿಗೆ ಸಿಕ್ಕಿ ಬದುಕಿ ಬಂದವನ ಗತಿ ಬೇರೆ. ಅವನ ಗಾಯವು ಅಂಗಿಯ ಮರೆಯಲ್ಲಿರುವುದು. ಮೂವತ್ತು ನಾಲ್ವತ್ತು ವರ್ಷ ಕಳೆದರೂ ಅವನು ತುರಿಕೆಯಿಂದ ರಾತ್ರಿಯ ನಿದ್ರೆಯನ್ನು ಕಳೆದುಕೊಳ್ಳುವನು. ನೆರೆಯವರಿಗೆ ಅವನ ಸಂಕಟವು ಕಾಣದು, ಕಚೇರಿಯ ಗುಮಾಸ್ತನಿಗಂತೂ ನಂಬಿಕೆಯೇ ಹುಟ್ಟದು. ಗಾಯ ಮಾಯ್ದರೂ ಕಲೆ ಮಾಯದೆಂಬುದು ನಮ್ಮ ಜನರ ಮಾತು. ಇಲ್ಲಿ ಗಾಯವೇ ಪೂರ್ತಿಯಾಗಿ ಮಾಯುವುದಿಲ್ಲ.

ಈ ವಿಷಗಳಲ್ಲಿ ಮುಖ್ಯವಾದುದು ಸಾಸಿವೆ ಅನಿಲ. ಹೆಸರಿಗೆ ಅನಿಲವಾದರೂ ಅದು ಗಂಧಕವೂ ಕ್ಲೋರಿನ್ನೂ ಸೇರಿದ, ಎಣ್ಣೆಯಂಥ ದ್ರವ. 1917ನೆಯ ಇಸವಿ ಜುಲೈ 12ರ ರಾತ್ರಿ ಬೆಲ್ಜಿಯಂ ದೇಶದ ಈಪ್ರ್ ಪಟ್ಟಣದ ಬಳಿ ಜರ್ಮನರು ಇದನ್ನು ಮೊದಲ ಬಾರಿಗೆ ಪ್ರಯೋಗಿಸಿದರು. ಇದರ ಕುಟಿಲತೆ ಏನೆಂದರೆ, ತಗುಲಿದ ಕ್ಷಣದಲ್ಲಿ ನೋವೇ ಇಲ್ಲ. ಕೆಲವೇ ನಿಮಿಷಗಳಲ್ಲಿ ಅದು ಚರ್ಮದೊಳಕ್ಕೆ ಇಳಿದು ಜೀವಕೋಶಗಳ ಡಿ.ಎನ್.ಎ.ಯನ್ನು ಕೆಡಿಸುವುದು, ಗಂಟೆಗಳು ಕಳೆದ ಮೇಲೆ ಚರ್ಮವು ಕೆಂಪೇರಿ ದೊಡ್ಡ ಬೊಕ್ಕೆಗಳೇಳುವುವು. ಬೆವರು ನಿಲ್ಲುವ ಕಂಕುಳು, ತೊಡೆಸಂದು, ಗುಹ್ಯಭಾಗಗಳಲ್ಲಿ ಉರಿ ಹೆಚ್ಚು. ಇದಕ್ಕೆ ಪ್ರತಿವಿಷವು ಅಂದೂ ಇರಲಿಲ್ಲ, ಇಂದೂ ಇಲ್ಲ.

ಬೊಕ್ಕೆಗಳು ವಾರಗಳಲ್ಲಿ ಆರಬಹುದು. ಅನಂತರ ನಡೆಯುವುದೇನೆಂಬುದನ್ನು ಲೋಕಕ್ಕೆ ಚೆನ್ನಾಗಿ ತಿಳಿಸಿದವರು ಇರಾನಿನ ಸೈನಿಕರೂ ವೈದ್ಯರೂ ಆಗಿದ್ದಾರೆ. 1980ರಿಂದ 1988ರ ವರೆಗೆ ನಡೆದ ಯುದ್ಧದಲ್ಲಿ ಇರಾಕಿನ ಸದ್ದಾಂ ಹುಸೇನನ ಸೈನ್ಯವು ಸಾಸಿವೆ ಅನಿಲವನ್ನು ಧಾರಾಳವಾಗಿ ಸುರಿಯಿತು. ವಿಶ್ವಸಂಸ್ಥೆಯ ತಜ್ಞರು 1984ರಲ್ಲಿಯೇ ಇದನ್ನು ಸ್ಥಾಪಿಸಿದರು. 1987ರ ಜೂನ್ 28ರಂದು ಸರ್ದಶ್ತ್ ಎಂಬ ಪಟ್ಟಣದ ನಿರಪರಾಧಿ ನಾಗರಿಕರ ಮೇಲೂ ಈ ವಿಷವು ಬಿತ್ತು. ದಶಕಗಳ ತರುವಾಯವೂ ಈ ಜನರ ಚರ್ಮವು ಒಣಗಿ ಬಿರಿಯುವುದು. ಒಂದೆಡೆ ಕಪ್ಪಾಗಿ ಇನ್ನೊಂದೆಡೆ ಬಣ್ಣಗೆಟ್ಟು ಬೆಳ್ಳಗಾಗುವುದು. ಹಳೆಯ ಗಾಯದ ಜಾಗದಲ್ಲಿ ತೊಗಲು ತೆಳ್ಳಗಾಗಿ ಸಣ್ಣ ಪೆಟ್ಟಿಗೂ ಕಿತ್ತುಹೋಗುವುದು. ಎಲ್ಲಕ್ಕೂ ಮಿಗಿಲಾದುದು ತುರಿಕೆ. ಬೇಸಗೆಯಲ್ಲಿ ಬೆವರು ಸುರಿದಾಗ ಅದು ಸಹಿಸಲಸಾಧ್ಯ. ಕೆಲವರಲ್ಲಿ ಹಳೆಯ ಕಲೆಗಳಿಂದಲೇ ಚರ್ಮದ ಕ್ಯಾನ್ಸರು ಹುಟ್ಟಿದೆ. ಜಪಾನಿನ ಓಕುನೋಷಿಮಾ ದ್ವೀಪದಲ್ಲಿ 1929ರಿಂದ 1945ರ ವರೆಗೆ ಈ ವಿಷವನ್ನು ತಯಾರಿಸಿದ ಕಾರಖಾನೆಯ ಕೂಲಿಕಾರರಲ್ಲಿಯೂ ಚರ್ಮದ ಹಾಗೂ ಶ್ವಾಸಕೋಶದ ಕ್ಯಾನ್ಸರು ಕಂಡುಬಂದಿತು. ಔಷಧಗಳೆಂದರೆ ಚರ್ಮವನ್ನು ಮೆದುವಾಗಿಡುವ ಲೇಪಗಳು, ತುರಿಕೆ ತಗ್ಗಿಸುವ ಗುಳಿಗೆಗಳು, ಸ್ಟಿರಾಯ್ಡ್ ಮುಲಾಮುಗಳು. ಈ ಕಡೆಯವನ್ನು ಬಹುಕಾಲ ಹಚ್ಚಿದರೆ ಮೊದಲೇ ತೆಳ್ಳಗಾದ ಚರ್ಮವು ಮತ್ತಷ್ಟು ತೆಳ್ಳಗಾಗುವುದು. ಇವೆಲ್ಲ ಉಪಶಮನವೇ ಹೊರತು ಗುಣವಲ್ಲ.

ಇದು ಪರದೇಶದ ಕಥೆಯೆಂದು ವಾಚಕರು ಪತ್ರಿಕೆಯನ್ನು ಮಡಿಚಿಡಬಾರದು. ಬ್ರಿಟಿಷರ ಪೋರ್ಟನ್ ಡೌನ್ ಎಂಬ ರಾಸಾಯನಿಕ ಯುದ್ಧಸಂಶೋಧನಾಲಯದ ವಿಜ್ಞಾನಿಗಳು 1930ರ ದಶಕದ ಆರಂಭದಿಂದ ಹತ್ತು ವರ್ಷಗಳಿಗೂ ಮೀರಿ, ರಾವಲ್ಪಿಂಡಿಯ ಸೈನಿಕ ಠಾಣ್ಯದಲ್ಲಿ ಭಾರತೀಯ ಸಿಪಾಯಿಗಳ ಮೇಲೆ ಸಾಸಿವೆ ಅನಿಲವನ್ನು ಪ್ರಯೋಗಿಸಿದರು. ದಫ್ತರಗಳಲ್ಲಿ ಹುದುಗಿದ್ದ ಈ ಸಂಗತಿಯನ್ನು ಇಂಗ್ಲೆಂಡಿನ 'ಗಾರ್ಡಿಯನ್' ಪತ್ರವು 2007ರ ಸೆಪ್ಟೆಂಬರಿನಲ್ಲಿ ಬಯಲಿಗೆಳೆಯಿತು. ಇಂಥ ಸಿಪಾಯಿಗಳು ನೂರಾರು ಜನ. ಕೆಲವರನ್ನು ಚಡ್ಡಿ, ನೂಲಿನ ಅಂಗಿಗಳಲ್ಲಿಯೇ ಅನಿಲದ ಕೋಣೆಯೊಳಗೆ ನಿಲ್ಲಿಸಲಾಯಿತು. ಸುಟ್ಟ ಗಾಯಗಳಿಂದ ಹಲವರು ಆಸ್ಪತ್ರೆ ಸೇರಿದರು. ಭಾರತೀಯರ ಚರ್ಮವು ಬ್ರಿಟಿಷರ ಚರ್ಮಕ್ಕಿಂತ ಹೆಚ್ಚು ಕೆಡುವುದೋ ಎಂಬುದು ಆ ವಿಜ್ಞಾನಿಗಳ ಕುತೂಹಲಗಳಲ್ಲೊಂದಾಗಿತ್ತು.

ಇಲ್ಲಿಯೇ ನಾವು ವಾಚಕರ ಗಮನವನ್ನು ವಿಶೇಷವಾಗಿ ಬೇಡುವೆವು. ನಮ್ಮವರ ಚರ್ಮದ ಮೇಲೆ ಬೊಕ್ಕೆ ಏಳುವುದನ್ನು ಬರೆದಿಟ್ಟುಕೊಳ್ಳುವಷ್ಟು ಆಸ್ಥೆಯುಳ್ಳ ಆ ಸರಕಾರಕ್ಕೆ, ಅದೇ ಚರ್ಮವು ಇಪ್ಪತ್ತು ವರ್ಷಗಳ ಮೇಲೆ ಹೇಗಿದೆಯೆಂದು ವಿಚಾರಿಸುವಷ್ಟು ಆಸ್ಥೆಯಿರಲಿಲ್ಲ. ಪ್ರಯೋಗ ಮುಗಿದ ಮೇಲೆ ಆ ಸಿಪಾಯಿಗಳ ಆರೋಗ್ಯವನ್ನು ನೋಡಿಕೊಂಡ ದಾಖಲೆಯಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆಂಬ ನೀತಿಯು ಇದಕ್ಕಿಂತ ನಿರ್ಲಜ್ಜವಾಗಿ ಮತ್ತೆಲ್ಲಿ ನಡೆದೀತು?

ಯುದ್ಧಕಾಲದ ಅನಿವಾರ್ಯತೆಯೆಂದು ಕೆಲವರು ಸಮಾಧಾನ ಹೇಳಬಹುದು. ಪ್ರಯೋಗಗಳು ಮಹಾಯುದ್ಧಕ್ಕೆ ವರ್ಷಗಳ ಮೊದಲೇ ತೊಡಗಿದವು. ಆದ್ದರಿಂದ ಈ ಸಮಾಧಾನವು ಅರ್ಧಕ್ಕೇ ನಿಲ್ಲುವುದು. ಅನಿವಾರ್ಯತೆಯನ್ನು ಒಪ್ಪಿದರೂ, ಅದು ಪ್ರಯೋಗವನ್ನು ಸಮರ್ಥಿಸೀತೇ ಹೊರತು, ಆಮೇಲಿನ ಅಲಕ್ಷ್ಯವನ್ನು ಸಮರ್ಥಿಸಲಾರದು. ಬ್ರಿಟಿಷ್ ಸರಕಾರವೇ ಈ ಭೇದವನ್ನು ಒಂದು ಬಗೆಯಲ್ಲಿ ಒಪ್ಪಿಕೊಂಡಿದೆ. ಪೋರ್ಟನ್ ಡೌನಿನ ಪ್ರಯೋಗಗಳಿಗೆ ಒಳಗಾದ ತನ್ನ 360 ಜನ ಮಾಜಿ ಸೈನಿಕರಿಗೆ, ಹೊಣೆಯನ್ನು ಒಪ್ಪದೆಯೇ ಆದರೂ, ಅದು 2008ರಲ್ಲಿ 30 ಲಕ್ಷ ಪೌಂಡು ಪರಿಹಾರವನ್ನು ಕೊಟ್ಟಿತು. ಅಲ್ಲಿಯವರಿಗೆ ಸಂದ ನ್ಯಾಯವು ರಾವಲ್ಪಿಂಡಿಯವರಿಗೆ ಏಕೆ ಸಲ್ಲಬಾರದು? ಚರ್ಮದ ಬಣ್ಣವನ್ನು ಅಳೆದವರೇ ಪರಿಹಾರವನ್ನೂ ಬಣ್ಣದಿಂದ ಅಳೆಯುವರೇ?

ಅಮೇರಿಕದ ಅನುಭವವೂ ಬೋಧಪ್ರದವಾಗಿದೆ. ಎರಡನೆಯ ಮಹಾಯುದ್ಧದಲ್ಲಿ ಅಲ್ಲಿಯ ಸುಮಾರು 60,000 ಸೈನಿಕರ ಮೇಲೆ ಇಂಥ ಪ್ರಯೋಗಗಳು ನಡೆದವು. ಕರಿಯರನ್ನೂ ಜಪಾನೀ ವಂಶಜರನ್ನೂ ಪೋರ್ಟೊ ರಿಕೊದವರನ್ನೂ ಬೇರೆಯಾಗಿಯೇ ಪರೀಕ್ಷಿಸಿದರು. ಗುಟ್ಟು ಬಿಡಬಾರದೆಂದು ಆಣೆಯಿಡಿಸಿಕೊಂಡುದರಿಂದ ಅನೇಕರು ತಮ್ಮ ವೈದ್ಯರಿಗೂ ನಿಜ ಹೇಳಲಿಲ್ಲ. 1990ರ ದಶಕದಲ್ಲಿ ಸರಕಾರವು ಗಾಯದ ಕಲೆಗಳನ್ನೂ ಚರ್ಮದ ಒಂದು ಬಗೆಯ ಕ್ಯಾನ್ಸರನ್ನೂ ಪರಿಹಾರಕ್ಕೆ ಅರ್ಹವೆಂದು ಒಪ್ಪಿದರೂ, ವಿಷ ತಗುಲಿದುದನ್ನು ಸಿದ್ಧಪಡಿಸಿರೆಂದು ಮುದುಕರನ್ನು ಪೀಡಿಸುವುದು ತಪ್ಪಲಿಲ್ಲ. ಕಾಗದಗಳು ಸರಕಾರದ ಕಪಾಟಿನಲ್ಲಿ, ಸಾಕ್ಷ್ಯದ ಭಾರ ಸೈನಿಕನ ತಲೆಯ ಮೇಲೆ! 2017ರಲ್ಲಿ ಹೊಸ ಕಾಯಿದೆಯೊಂದು ಈ ಭಾರವನ್ನು ಸರಕಾರದ ಕಡೆಗೆ ತಿರುಗಿಸಿತು. ಅಷ್ಟರಲ್ಲಿ ಅರ್ಜಿದಾರರಲ್ಲಿ ಬಹುಮಂದಿ ಕಾಲವಶರಾಗಿದ್ದರು. ತಡವಾದ ನ್ಯಾಯವು ಗೋರಿಯ ಮೇಲಿಟ್ಟ ಊಟದಂತೆ.

ರಾವಲ್ಪಿಂಡಿಯ ಸಿಪಾಯಿಗಳಲ್ಲಿ ಇಂದು ಬದುಕಿರುವವರು ವಿರಳವೇ ಸರಿ. ಹಾಗಿದ್ದರೆ ಈ ಮಾತೆಲ್ಲ ಯಾರಿಗಾಗಿ ಎಂದು ಕೇಳಿದರೆ, ನಮ್ಮ ಉತ್ತರ ಇಷ್ಟು: ಸತ್ತವರಿಗೆ ಸಲ್ಲಬೇಕಾದುದು ಹೆಸರು, ಇದ್ದವರಿಗೆ ಸಲ್ಲಬೇಕಾದುದು ಆರೈಕೆ, ಮುಂದಿನವರಿಗೆ ಸಲ್ಲಬೇಕಾದುದು ರಕ್ಷಣೆ. ಆದುದರಿಂದ ಮೂರು ಕಾರ್ಯಗಳನ್ನು ನಾವು ಸೂಚಿಸುವೆವು. ಮೊದಲನೆಯದಾಗಿ, ಭಾರತ ಸರಕಾರವು ರಾವಲ್ಪಿಂಡಿಯ ಪ್ರಯೋಗಗಳ ಸಂಪೂರ್ಣ ದಾಖಲೆಗಳನ್ನೂ ಸಿಪಾಯಿಗಳ ಹೆಸರುಗಳನ್ನೂ ಬ್ರಿಟನ್ನಿನಿಂದ ಅಧಿಕೃತವಾಗಿ ಕೇಳಬೇಕು. ಆ ಸಿಪಾಯಿಗಳು ಅವಿಭಕ್ತ ಭಾರತದವರಾದುದರಿಂದ ಪಾಕಿಸ್ತಾನವೂ ಬಾಂಗ್ಲಾದೇಶವೂ ಈ ಕೇಳಿಕೆಯಲ್ಲಿ ಜೊತೆಗೂಡುವುದು ಯೋಗ್ಯ. ಎರಡನೆಯದಾಗಿ, ವಿಷ ತಗುಲಿದ ಸೈನಿಕನ ಪಿಂಚಣಿಯ ವಿಚಾರದಲ್ಲಿ, ಅವನ ದಳವು ಅಂಥ ಸ್ಥಳದಲ್ಲಿ ಇತ್ತೆಂಬುದೇ ಸಾಕಾದ ಸಾಕ್ಷ್ಯವೆಂಬ ನಿಯಮವು ಎಲ್ಲ ದೇಶಗಳಲ್ಲಿಯೂ ಆಗಬೇಕು. ಯುದ್ಧಭೂಮಿಯಲ್ಲಿ ಅಂದು ಅಲ್ಪ ಉರಿಯೆಂದು ಆಸ್ಪತ್ರೆಗೆ ಹೋಗದವನ ಕೈಯಲ್ಲಿ ಇಂದು ಚೀಟಿಯೆಲ್ಲಿಂದ ಬರಬೇಕು? ಮೂರನೆಯದಾಗಿ, ಹೇಗ್ ನಗರದ ರಾಸಾಯನಿಕ ಅಸ್ತ್ರ ನಿಷೇಧ ಸಂಸ್ಥೆಯ ಆಶ್ರಯದಲ್ಲಿ 2011ರಲ್ಲಿ ಬಲಿಪಶುಗಳ ಸಹಾಯಕ್ಕಾಗಿ ಏರ್ಪಟ್ಟ ವ್ಯವಸ್ಥೆಗೆ ನಮ್ಮ ದೇಶವು ಧನವನ್ನಷ್ಟೇ ಅಲ್ಲದೆ ಚರ್ಮರೋಗ ತಜ್ಞರನ್ನೂ ಒದಗಿಸಬೇಕು.

ಈ ಮಾತನ್ನು ಆಡುವ ಅಧಿಕಾರ ಭಾರತಕ್ಕೆ ಉಂಟು. ತಾನೂ ಕೂಡಿಟ್ಟಿದ್ದ ಸಾಸಿವೆ ಅನಿಲವನ್ನು ಅದು 1997ರಲ್ಲಿ ಪ್ರಕಟಪಡಿಸಿ, 2009ರ ಹೊತ್ತಿಗೆ ಪೂರ್ಣವಾಗಿ ನಾಶಮಾಡಿತು. 2023ರ ಜುಲೈಯಲ್ಲಿ ಅಮೇರಿಕವು ತನ್ನ ಕಡೆಯ ಅಸ್ತ್ರವನ್ನು ನಾಶಮಾಡಿದಾಗ, ರಾಷ್ಟ್ರಗಳು ಘೋಷಿಸಿದ ಸಂಗ್ರಹಗಳೆಲ್ಲ ಮುಗಿದವೆಂದು ಲೋಕವು ನಿಟ್ಟುಸಿರಿಟ್ಟಿತು. ಆದರೆ ಉಗ್ರಾಣಗಳು ಬರಿದಾದರೂ, ಆ ವಿಷವು ಕೆಡಿಸಿದ ಚರ್ಮವನ್ನು ಹೊತ್ತ ಜನರು ಇನ್ನೂ ನಮ್ಮ ನಡುವೆ ಬದುಕಿದ್ದಾರೆ. ಅಸ್ತ್ರಗಳ ಲೆಕ್ಕವನ್ನು ಗ್ರಾಂ ಬಿಡದೆ ಬರೆದುಕೊಂಡ ರಾಷ್ಟ್ರಗಳು, ಮನುಷ್ಯರ ಲೆಕ್ಕವನ್ನೂ ಹೆಸರು ಬಿಡದೆ ಬರೆದುಕೊಳ್ಳಲಿ.