ಸಾರಥಿಯ ಪ್ರಶ್ನೆ

ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ದೊಡ್ಡಾಟವನ್ನು ಕಂಡವರು ಸಾರಥಿಯನ್ನು ಮರೆಯಲಾರರು. ಕಿರೀಟ, ಭುಜಕೀರ್ತಿಗಳನ್ನು ಧರಿಸಿ ಅಬ್ಬರಿಸುತ್ತ ಬಂದ ಅರಸನೆದುರು ನಿಂತು, ತಾವು ಯಾರು, ಬಂದ ಕಾರಣವೇನು ಎಂದು ಕೇಳುವ ಅಧಿಕಾರ ಅವನಿಗುಂಟು. ಸಿಂಹಾಸನವನ್ನು ಪ್ರಶ್ನಿಸಬಹುದೆಂಬ ಮೊದಲ ಪಾಠ ನನಗೆ ದೊರೆತದ್ದು ಗ್ರಂಥದಿಂದಲ್ಲ, ಆ ಸಾರಥಿಯಿಂದ.

ಇದು ಈಗ ನೆನಪಾದುದಕ್ಕೆ ಕಾರಣವುಂಟು. ಈಚೆಗೆ ಕಾಲೇಜಿನ ಸಮಾರಂಭವೊಂದರಲ್ಲಿ ವಿದ್ಯಾರ್ಥಿಗಳು ಕಿರುತೆರೆಯ ಹಾಸ್ಯ ಕಾರ್ಯಕ್ರಮಗಳ ಧಾಟಿಯಲ್ಲಿ ಅಣಕವೊಂದನ್ನು ಆಡಿದರು. ನಗೆಗೆ ಗುರಿಯಾದವರು ಯಾರು? ಹಳ್ಳಿಯ ಕೂಲಿಯವನು, ಅವನ ಮಾತಿನ ರಾಗ, ಅವನ ಹೆಂಡತಿಯ ದಪ್ಪ ಮೈ. ಸಭೆ ಬಿದ್ದು ಬಿದ್ದು ನಕ್ಕಿತು. ಹಿಂದಿನ ಸಾಲಿನಲ್ಲಿದ್ದ ಕೂಲಿಯವರ ಮಗನೊಬ್ಬ ಮಾತ್ರ ತಲೆ ತಗ್ಗಿಸಿದ. ನಕ್ಕವರಲ್ಲಿ ನಾನೂ ಒಬ್ಬನೆಂಬುದನ್ನು ಮುಚ್ಚಿಡಲಾರೆ.

ಅಣಕವೆಲ್ಲ ವಿಡಂಬನೆಯಲ್ಲ. ಬಲವಿಲ್ಲದವನ ಮೈಯನ್ನೂ ಮಾತನ್ನೂ ಆಡಿಕೊಳ್ಳುವುದು ಕುಚೋದ್ಯ; ಬಲವುಳ್ಳವನ ನುಡಿಗೂ ನಡೆಗೂ ಇರುವ ಅಂತರವನ್ನು ತೋರುವುದು ವಿಡಂಬನೆ. ಎರಡನೆಯದಕ್ಕೆ ಎದೆಗಾರಿಕೆ ಬೇಕು. ಅದಕ್ಕೆ ಬೆಲೆಯನ್ನೂ ತೆರಬೇಕು.

ಜಗತ್ತಿನ ದೂರದರ್ಶನದ ಚರಿತ್ರೆಯೇ ಇದಕ್ಕೆ ಸಾಕ್ಷಿ. ಇಂಗ್ಲೆಂಡಿನ ಬಿಬಿಸಿ ಸಂಸ್ಥೆಯು 1962ರಲ್ಲಿ ಆರಂಭಿಸಿದ ರಾಜಕೀಯ ವಿಡಂಬನೆಯ ಕಾರ್ಯಕ್ರಮವನ್ನು, ಮುಂದಿನದು ಚುನಾವಣೆಯ ವರ್ಷವೆಂದು 1963ರ ಕೊನೆಗೆ ನಿಲ್ಲಿಸಿಬಿಟ್ಟಿತು. ಆಳುವವರನ್ನು ನಗೆಗೀಡುಮಾಡಿದ ಈಜಿಪ್ಟಿನ ಶಸ್ತ್ರವೈದ್ಯ ಬಾಸೆಮ್ ಯೂಸುಫ್ 2014ರಲ್ಲಿ ತೆರೆಯಿಂದ ಸರಿಯಬೇಕಾಯಿತು. ನಮ್ಮ ದೇಶದಲ್ಲಿ ಜಸ್ಪಾಲ್ ಭಟ್ಟಿಯವರು 1989ರ 'ಫ್ಲಾಪ್ ಶೋ'ದಲ್ಲಿ, ಸರಕಾರದ ದೂರದರ್ಶನದಲ್ಲಿಯೇ, ಲಂಚಗುಳಿತನವನ್ನು ಬಯಲಿಗೆಳೆದರು.

ಕನ್ನಡಕ್ಕೂ ಈ ದಾರಿ ಹೊಸದಲ್ಲ. ಮಾಸ್ಟರ್ ಹಿರಣ್ಣಯ್ಯನವರು 'ಲಂಚಾವತಾರ'ದಲ್ಲಿ ಅಂದಂದಿನ ರಾಜಕಾರಣವನ್ನು ರಂಗದ ಮೇಲೆಯೇ ಝಾಡಿಸಿದರು. 1913ರಲ್ಲಿ ನಮ್ಮ ಹರಪನಹಳ್ಳಿಯಲ್ಲಿಯೇ ಜನಿಸಿದ ಬೀಚಿಯವರು ತಿಂಮನ ಬಾಯಿಂದ ದೊಡ್ಡವರ ಸಣ್ಣತನವನ್ನು ನಗಿಸಿ ನಗಿಸಿಯೇ ಚುಚ್ಚಿದರು. ಇಂಥ ಹಿರಿಯರ ನೆಲದಲ್ಲಿ ಹುಟ್ಟಿದ ನಾವು, ನಮ್ಮದೇ ಸೀಮೆಯ ಮಾತನ್ನು ಕಿರುತೆರೆಯಲ್ಲಿ ಅಗ್ಗದ ನಗೆಗೆ ಬಳಸಿದಾಗ ಚಪ್ಪಾಳೆ ತಟ್ಟುತ್ತ ಕೂರುವುದು ಸರಿಯೆ?

ವಿದ್ಯಾರ್ಥಿಮಿತ್ರರಲ್ಲಿ ನನ್ನದೊಂದು ಬಿನ್ನಹ. ಮುಂದಿನ ವರ್ಷವೂ ಅಣಕವಾಡಿರಿ, ಬಿಡಬೇಡಿರಿ. ಆದರೆ ಸಾರಥಿಯ ಪಾತ್ರ ಆ ಹಿಂದಿನ ಸಾಲಿನ ಹುಡುಗನಿಗಿರಲಿ. ಅರಸನ ವೇಷಕ್ಕೆ ಯಾರೂ ಸಿಕ್ಕದಿದ್ದರೆ ಈ ಮೇಷ್ಟರೇ ಇದ್ದಾರೆ. ಅವನು ತನ್ನ ಊರಿನ ಮಾತಿನಲ್ಲಿಯೇ ನನ್ನನ್ನು ಕೇಳಲಿ: ಆ ದಿನ ತಾವೇಕೆ ನಕ್ಕಿರಿ?