ಗಾಳಕ್ಕೆ ಬೆಂಡು ಕಟ್ತೀರಿ, ಗಾಳ ಹಿಡಿದವನಿಗೆ?

ಮೀನು ಹಿಡಿಯೋದು, ಟ್ರೆಕ್ಕಿಂಗು, ತೆಪ್ಪ ಅಂತ ಓಡಾಡಿ ಬಂದು ಬರೆಯೋ ಬ್ಲಾಗ್ ಗೆಳೆಯರಿಗೆ ಈ ಬರಹ ಸ್ವಲ್ಪ ಖಾರ ಅನ್ನಿಸಬಹುದು. ಅನ್ನಿಸಲಿ. ನಮ್ಮೂರು ಅಬಲೂರು, ಹಿರೇಕೆರೂರು ತಾಲೂಕು. ಪಕ್ಕದ ತಾಲೂಕೇ ಬ್ಯಾಡಗಿ. ಅಲ್ಲಿನ ಮೆಣಸಿನಕಾಯಿಯ ಥರ ಇದರಲ್ಲೂ ಬಣ್ಣ ಜಾಸ್ತಿ, ಖಾರ ಕಮ್ಮಿ ಅಂತ ಮಾತ್ರ ತಿಳ್ಕೋಬೇಡಿ.

ನನ್ನ ಜಗಳ ಇಷ್ಟೆ. "ಮೀನು ಹಿಡಿಯಲು ಏನೇನು ಬೇಕು" ಅಂತ ಯಾರನ್ನೇ ಕೇಳಿ, ಒಂದು ಪಟ್ಟಿ ಕೊಡ್ತಾರೆ. ಕಾರ್ಬನ್ ಕೋಲು, ರೀಲು, ಹೆಣೆದ ದಾರ, ಥಳಥಳ ಹೊಳೆಯೋ ಪ್ಲಾಸ್ಟಿಕ್ ಮೀನು, ಬಣ್ಣದ ಡಬ್ಬಿ, ತಂಪು ಕನ್ನಡಕ, ಟೋಪಿ. ಇಂಥ ಪಟ್ಟಿಗಳನ್ನ ನಾನು ಬೇಕಾದಷ್ಟು ಓದಿದೀನಿ. ಅದರಲ್ಲಿ ಮೀನಿನ ಬಾಯಿಗೆ ಏನು ಬೇಕು ಅಂತ ಇರುತ್ತೆ, ಕೋಲು ಹಿಡಿದವನು ನೀರಿಗೆ ಬಿದ್ರೆ ಏನು ಬೇಕು ಅಂತ ಇರೋದಿಲ್ಲ. ಕನ್ನಡಕಕ್ಕೆ ಇದ್ದ ಜಾಗ ಹಗ್ಗಕ್ಕೆ ಇಲ್ಲ.

ನಾನೇನು ಸಾಚಾ ಅಲ್ಲ. ಅಂಥ ಪಟ್ಟಿ ಇಟ್ಕೊಂಡು ಬೆಂಗಳೂರಲ್ಲಿ ಹನ್ನೊಂದು ಸಾವಿರ ರೂಪಾಯಿ ಸುರಿದವನು ನಾನು. ರಜೆಗೆ ಊರಿಗೆ ಹೋದಾಗ ಅಕ್ಕನ ಮಗನನ್ನ ಕರ್ಕೊಂಡು ಹತ್ತಿರದ ಒಂದು ಕೆರೆಗೆ ಹೋದೆ. ಹುಡುಗನಿಗೆ ಹದಿನೇಳು ವರ್ಷ. ಕೆರೆಯ ಮೀನು ಗುತ್ತಿಗೆ ಹಿಡಿದವರ ಹತ್ತಿರ ಕೇಳ್ಕೊಂಡೇ ಹೋಗಿದ್ವಿ, ಆ ಮಟ್ಟಿಗೆ ಬುದ್ಧಿ ಇತ್ತು. ಎರಡು ಗಂಟೆ ಬೀಸಿದ್ದೇ ಬಂತು. ಒಂದು ಮೀನೂ ಇಣುಕಿ ನೋಡಲಿಲ್ಲ. ನೋಡೋದಾದರೂ ಹೇಗೆ? ನಮ್ಮ ಕೆರೆಗಳಿಗೆ ಬಿಡೋದು ಕಾಟ್ಲಾ, ರೋಹು, ಮೃಗಾಲ್. ಕಾಟ್ಲಾ ಮೇಲ್ನೀರಲ್ಲಿ ಮೇಯುತ್ತೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಮೂರೂ ಇನ್ನೊಂದು ಮೀನನ್ನ ಅಟ್ಟಿಸಿಕೊಂಡು ಹೋಗಿ ತಿನ್ನೋ ಜಾತಿ ಅಲ್ಲ. ಅವಕ್ಕೆ ಬೇಕಿದ್ದದ್ದು ಶೇಂಗಾ ಹಿಂಡಿ ಕಲಸಿದ ಹಿಟ್ಟಿನ ಉಂಡೆ, ಒಂದು ಎರೆಹುಳ. ಪ್ಲಾಸ್ಟಿಕ್ ಮೀನು ಕೊರವದಂಥ ಬೇಟೆ ಮೀನಿಗೆ ಸರಿ. ನಾನ್ನೂರೈವತ್ತು ರೂಪಾಯಿ ಕೊಟ್ಟು ತಂದದ್ದನ್ನ ನಾನು ಸಸ್ಯಾಹಾರಿಗಳ ಪಂಕ್ತಿಯಲ್ಲಿ ಬಡಿಸ್ತಾ ಕೂತಿದ್ದೆ.

ಕೊನೆಗೆ ಅದು ನೀರೊಳಗಿನ ಜಾಲಿ ಕಂಟಿಗೆ ಸಿಕ್ಕಿಕೊಂಡಿತು. ದಡದಿಂದ ಇಪ್ಪತ್ತು ಅಡಿ ಇರಬಹುದು. "ಮಾಮಾ, ಸಿಕ್ಕೊಂಡೈತಿ, ದಾರ ಹರೀಲೇನು?" ಅಂದ. ನಾನು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. "ಹರೀಬ್ಯಾಡ, ತುಟ್ಟಿದು. ಮೊಣಕಾಲುದ್ದ ನೀರು, ಹೋಗಿ ಬಿಡಿಸ್ಕೊಂಡು ಬಾ."

ಆರು ಹೆಜ್ಜೆ ಮೊಣಕಾಲುದ್ದವೇ ಇತ್ತು. ಏಳನೇ ಹೆಜ್ಜೆಗೆ ಹುಡುಗ ಕಾಣಲಿಲ್ಲ.

ಬೇಸಿಗೆಯಲ್ಲಿ ಜೆಸಿಬಿ ತಂದು ಮಣ್ಣು ಎತ್ತಿದ್ದ ಗುಂಡಿ ಅದು. ಮಳೆ ಬಂದು ಕೆರೆ ತುಂಬಿದ ಮೇಲೆ ಮೇಲಿಂದ ಎಲ್ಲಾ ಒಂದೇ ಸಮ. ನನಗೆ ಬಾವಿಯಲ್ಲಿ ಕಲಿತ ಈಜು ಬರುತ್ತೆ, ಆದರೆ ಪ್ಯಾಂಟು ಬೂಟು ಹಾಕ್ಕೊಂಡು ಕೆಸರಲ್ಲಿ ಮುಳುಗ್ತಿರೋನನ್ನ ಎಳೆಯೋ ಈಜು ಬರಲ್ಲ. ನನ್ನ ಬೆನ್ನ ಚೀಲದಲ್ಲಿ ಹನ್ನೊಂದು ಸಾವಿರದ ಸಾಮಾನಿತ್ತು. ಎಸೆಯೋಕೆ ಒಂದು ಮೊಳ ಹಗ್ಗ ಇರಲಿಲ್ಲ. ಕಾರ್ಬನ್ ಕೋಲು ಚಾಚಿದೆ. ಅದರ ತುದಿ ಬೆರಳಿಗಿಂತ ಸಣ್ಣ, ಅವನು ಹಿಡಿದ ಕೂಡಲೇ ಪಟ್ ಅಂತ ಮುರೀತು.

ಎಮ್ಮೆ ಮೈ ತೊಳೀತಿದ್ದ ಹುಡುಗ ಒಬ್ಬ ಓಡಿ ಬಂದ, ಹನ್ನೆರಡೋ ಹದಿಮೂರೋ ವರ್ಷ. ಈಜು ಕಲಿಯೋಕೆ ಅಂತ ಐದು ಲೀಟರಿನ ಎರಡು ಖಾಲಿ ಎಣ್ಣೆ ಡಬ್ಬಿ ಜೋಡಿಸಿ ಹಗ್ಗ ಕಟ್ಕೊಂಡಿದ್ದ. ಅದನ್ನ ಬಿಚ್ಚಿ, ಹಗ್ಗದ ತುದಿ ಕೈಗೆ ಸುತ್ತಿಕೊಂಡು ಎಸೆದ. "ಅಣ್ಣಾ ಡಬ್ಬಿ ಅವಚ್ಕೋ! ಬಡ್ಕೋಬ್ಯಾಡ!" ಹುಡುಗ ಅವಚಿಕೊಂಡ. ಇಬ್ಬರೂ ಎಳೆದ್ವಿ.

ಆಮೇಲೆ ಆ ಹುಡುಗ ಬೈಯಲೂ ಇಲ್ಲ. "ಅಲ್ಲಿ ಗುಂಡಿ ಐತ್ರಿ ಕಾಕಾ. ಯಾರನ್ನರ ಕೇಳಿ ಇಳೀಬೇಕಿತ್ತು" ಅಂದು ಎಮ್ಮೆ ಕಡೆ ಹೋದ. ಈ ವಿಷಯ ಅಕ್ಕನಿಗೆ ಹೇಳೋಕೆ ನನಗೆ ಮೂರು ತಿಂಗಳು ಬೇಕಾಯ್ತು. ಹೇಳಿದಾಗ ಅವಳು ಏನೂ ಅನ್ನಲಿಲ್ಲ, ಎದ್ದು ಒಳಗೆ ಹೋದಳು. ಬೈದಿದ್ರೆ ಒಳ್ಳೇದಿತ್ತು.

ಈಗ ವಾದಕ್ಕೆ ಬರ್ತೀನಿ. ಗಾಳ ಹಾಕೋರೆಲ್ಲ ದಾರಕ್ಕೆ ಬೆಂಡು ಕಟ್ತಾರೆ. ಮುಳುಗೋದನ್ನ ತೇಲಿಸಿ ಹಿಡಿಯೋದು ಅದರ ಕೆಲಸ. ನಮ್ಮ ಕಡೆ ಈಸು ಕಲಿಯೋ ಹುಡುಗರ ಬೆನ್ನಿಗೆ ಕಟ್ತಿದ್ದದ್ದಕ್ಕೂ ಹೆಸರು ಬೆಂಡೇ. ಒಣಗಿದ ಕತ್ತಾಳೆ ಬೊಡ್ಡೆ, ಸೋರೆ ಬುರುಡೆ, ಆಮೇಲೆ ಟ್ರ್ಯಾಕ್ಟರ್ ಟ್ಯೂಬು, ಈಗ ಎಣ್ಣೆ ಡಬ್ಬಿ. ಮೀನಿಗೂ ಮಗುವಿಗೂ ಒಂದೇ ಸಾಮಾನು, ಒಂದೇ ಹೆಸರು. ನಾವು ಅಂಗಡಿಗೆ ಹೋದಾಗ ಮೊದಲನೆಯದನ್ನ ಹತ್ತು ಬಣ್ಣದಲ್ಲಿ ಆರಿಸ್ತೀವಿ, ಎರಡನೆಯದನ್ನ ಕೇಳೋದೇ ಇಲ್ಲ.

"ಸರಿಯಾದ ಸಾಮಾನು" ಅಂದ್ರೆ ತುಟ್ಟಿ ಸಾಮಾನಲ್ಲ, ಆ ನೀರಿಗೆ ತಕ್ಕ ಸಾಮಾನು. ಇದು ಬ್ರಿಟಿಷರಿಗೂ ಗೊತ್ತಿತ್ತು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಇಂಡಿಯಾದ ಗಾಳದ ಮೀನುಗಾರಿಕೆ ಬಗ್ಗೆ ಬರೆದ 'ದಿ ರಾಡ್ ಇನ್ ಇಂಡಿಯಾ' ಪುಸ್ತಕ 1873ರಲ್ಲಿ ಮಂಗಳೂರಲ್ಲೇ ಅಚ್ಚಾಯಿತು. ತಮ್ಮ ಊರಿನ ಸಾಮನ್ ಮೀನಿನ ಕೊಕ್ಕೆ ತಂದವರಿಗೆ ನಮ್ಮ ಹೊಳೆಯ ಮಹಸೀರ್ ಅದನ್ನ ಬಾಯಲ್ಲೇ ಅಮುಕಿ ಚಪ್ಪಟೆ ಮಾಡಿ ಬುದ್ಧಿ ಕಲಿಸ್ತು. ಆಮೇಲೆ ಅವರು ದಪ್ಪ ಕೊಕ್ಕೆಗೆ ಬದಲಾದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಸೀರ್ 120 ಪೌಂಡ್ ತೂಗಿತ್ತು, ಅಂದ್ರೆ ಸುಮಾರು 54 ಕೆಜಿ. ಹೊರಗಿಂದ ಬಂದವರೇ ನೀರು ನೋಡಿ ಸಾಮಾನು ಬದಲಿಸಿದರು. ಇಲ್ಲೇ ಹುಟ್ಟಿದ ನಾವು ಪಟ್ಟಿ ನೋಡಿ ನೀರಿಗೆ ಇಳೀತೀವಿ!

ಹಾಗಾದ್ರೆ ನಮ್ಮ ನೀರಲ್ಲಿ ಏನಿದೆ? ಗುಂಡಿ ಇದೆ. ಮೊಳಕಾಲು ಹೂಳೋ ಕೆಸರಿದೆ, ಕಾಲಿಗೆ ಸುತ್ತೋ ಜೊಂಡಿದೆ. ಏರಿಯ ಮೇಲೆ ಪಂಪ್‌ಸೆಟ್ಟಿನ ಕರೆಂಟ್ ತಂತಿ ಇದೆ. ಕಾರ್ಬನ್ ಕೋಲು ವಿದ್ಯುತ್ ಹರಿಸುತ್ತೆ ಅನ್ನೋದನ್ನ ಎಷ್ಟು ಜನ ಬರೆದಿದೀರಿ? ಜೋತುಬಿದ್ದ ತಂತಿಯ ಕೆಳಗೆ ಹನ್ನೆರಡು ಅಡಿಯ ಕೋಲು ಎತ್ತಿ ಬೀಸಿದರೆ ಮೀನು ಸಿಗೋ ಮಾತು ಹಾಗಿರಲಿ.

ಇನ್ನು ಕೃಷಿ ಹೊಂಡ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಶುರುವಾದ ಮೇಲೆ ಬಯಲುಸೀಮೆಯಲ್ಲಿ ಸಾವಿರಾರು ಹೊಂಡ ಆದವು. ರೈತನಿಗೆ ಒಳ್ಳೇದೇ ಆಯ್ತು, ನನ್ನ ತಕರಾರಿಲ್ಲ. ಆದರೆ ಇಳಿಜಾರಿಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿದ ಮೇಲೆ ಎಣ್ಣೆ ಸವರಿದ ಹಾಗೆ. ಈಜು ಬರೋನೂ ಹತ್ತಿ ಬರಲಾರ. ಅದರಲ್ಲಿ ಮೀನು ಬೇರೆ ಬಿಟ್ಟಿರ್ತಾರೆ, ಹುಡುಗರು ಗಾಳ ಹಿಡ್ಕೊಂಡು ಹೋಗ್ತಾರೆ. ಅಲ್ಲಿ ಬೇಕಾದ ಸಾಮಾನು ಸುತ್ತ ತಂತಿ ಬೇಲಿ, ಗೂಟಕ್ಕೆ ಕಟ್ಟಿ ನೀರಿನವರೆಗೆ ಇಳಿಬಿಟ್ಟ ಗಂಟು ಹಗ್ಗ, ಮತ್ತೊಂದು ಟ್ಯೂಬು.

ನಂಬದಿದ್ರೆ ಕಾರವಾರ ನೆನಪಿಸ್ಕೊಳ್ಳಿ. 2019ರ ಜನವರಿ 21ರಂದು ಕೂರ್ಮಗಡ ಜಾತ್ರೆಯಿಂದ ದೋಣಿ ಮಗುಚಿ 16 ಜನ ಸತ್ತರು. ಅವರಲ್ಲಿ ನಮ್ಮ ಜಿಲ್ಲೆಯ ಶಿಗ್ಗಾಂವಿ ತಾಲೂಕಿನವರೂ ಇದ್ದರು. ಬಹಳ ಜನರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ ಅಂತ ಆಗ ಪತ್ರಿಕೆಗಳು ಬರೆದವು. ದೇಶದ ಲೆಕ್ಕ ಬೇಕಂದ್ರೆ, 2022 ಒಂದೇ ವರ್ಷದಲ್ಲಿ ನೀರಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಮೇಲೆ.

"ಕೆರೆಗೆ ಲೈಫ್ ಜಾಕೆಟ್ಟಾ? ಜನ ನಗ್ತಾರೆ" ಅಂತೀರಿ. ಹೆಲ್ಮೆಟ್ಟಿಗೂ ನಕ್ಕಿದ್ದರು. "ನನಗೆ ಈಜು ಬರುತ್ತೆ" ಅಂತೀರಿ. ಬಾವಿಯ ತಿಳಿನೀರಲ್ಲಿ ಚಡ್ಡಿ ಹಾಕ್ಕೊಂಡು ಬರೋ ಈಜು ಜೊಂಡಲ್ಲಿ ಜೀನ್ಸ್ ಹಾಕ್ಕೊಂಡಾಗ ಬರಲ್ಲ. "ನಮ್ಮಜ್ಜ ಬಿದಿರು ಕೋಲಲ್ಲೇ ಹಿಡೀತಿದ್ದ, ಅವನಿಗೇನೂ ಆಗಲಿಲ್ಲ" ಅಂತ ಇನ್ನೊಂದು ಗುಂಪು. ಈ ಹಳ್ಳಿ ಹಂಬಲದವರ ಮೇಲೂ ನನಗೆ ಅಷ್ಟೇ ಸಿಟ್ಟು. ಅಜ್ಜನಿಗೆ ಆ ಕೆರೆಯ ತಳ ಅಂಗೈಯಷ್ಟು ಗೊತ್ತಿತ್ತು. ಅವನ ಕಾಲದಲ್ಲಿ ಜೆಸಿಬಿ ಇರಲಿಲ್ಲ. ಬಿದಿರು ಕೋಲನ್ನ ನೆನಪಿಟ್ಟು ಬೆಂಡನ್ನ ಮರೆತರೆ ಅದು ಅಜ್ಜನ ನೆನಪಲ್ಲ, ಫೋಟೋ ಶೋಕಿ.

ಹಾಗಾದ್ರೆ ಏನು ತಗೋಬೇಕು? ಪಟ್ಟಿ ಬೈದವನು ಪಟ್ಟಿ ಕೊಡದೆ ಓಡಿ ಹೋಗಬಾರದು.

ಮೊದಲು ಲೈಫ್ ಜಾಕೆಟ್. ಅದರ ಮೇಲೆ ನ್ಯೂಟನ್ ಲೆಕ್ಕದಲ್ಲಿ ಅಂಕಿ ಬರೆದಿರುತ್ತೆ. 50 ಅಂದ್ರೆ ಈಜು ಬರೋರಿಗೆ ಒಂದು ಆಸರೆ ಮಾತ್ರ. ಈಜು ಬಾರದವರಿಗೆ 100 ಅಥವಾ ಅದಕ್ಕೂ ಹೆಚ್ಚು ಬೇಕು. ಹಾಕ್ಕೊಂಡು ಪಟ್ಟಿ ಬಿಗಿದು, ಇನ್ನೊಬ್ಬರಿಗೆ ಭುಜ ಹಿಡಿದು ಮೇಲೆತ್ತೋಕೆ ಹೇಳಿ. ಜಾಕೆಟ್ ಕಿವಿವರೆಗೆ ಬಂದರೆ ಅದು ನಿಮ್ಮ ಅಳತೆಯದಲ್ಲ. ಮಕ್ಕಳಿಗೆ ದೊಡ್ಡವರದ್ದು ಹಾಕಬೇಡಿ, ಕೆಳಗಿಂದ ಜಾರಿ ಹೋಗ್ತಾರೆ.

ಎರಡನೇದು ಹಗ್ಗ, ಅರವತ್ತು ಎಪ್ಪತ್ತು ಅಡಿ. ನೈಲಾನ್ ನೀರಲ್ಲಿ ಮುಳುಗುತ್ತೆ, ಪಾಲಿಪ್ರೊಪಿಲೀನ್ ತೇಲುತ್ತೆ. ತೇಲೋದನ್ನೇ ಕೇಳಿ ತಗೊಳ್ಳಿ. ತುದಿಗೆ ಬಿಗಿಯಾಗಿ ಮುಚ್ಚಿದ ಐದು ಲೀಟರಿನ ಖಾಲಿ ಡಬ್ಬಿ. ಒಬ್ಬ ಮನುಷ್ಯನ ತಲೆ ನೀರ ಮೇಲೆ ನಿಲ್ಲೋಕೆ ಸುಮಾರು 3ರಿಂದ 5 ಕೆಜಿ ಎತ್ತುಬಲ ಸಾಕು, ಆ ಡಬ್ಬಿ ಅಷ್ಟನ್ನ ಕೊಡುತ್ತೆ. ಖರ್ಚು ಸೊನ್ನೆ.

ಮೂರನೇದು ಒಂದು ಸೀಟಿ. ದಣಿದವನ ಕೂಗಿಗಿಂತ ಸೀಟಿ ದೂರ ಕೇಳುತ್ತೆ. ಇದು ಮಲೆನಾಡಿನ ಟ್ರೆಕ್ಕಿಂಗಿಗೂ ಅಷ್ಟೇ ನಿಜ. ಆರು ಸಾವಿರದ ಬೂಟು ಹಾಕ್ಕೊಂಡು ಸೀಟಿ, ಟಾರ್ಚು ಇಲ್ಲದೆ ಗುಡ್ಡ ಹತ್ತೋರು ನನ್ನ ಕೆರೆಯ ಕಥೆಯನ್ನೇ ಬೇರೆ ಜಾಗದಲ್ಲಿ ಬರೀತಿದಾರೆ.

ನಾಲ್ಕನೇದು ಅಂಗಡೀಲಿ ಸಿಗಲ್ಲ. ದಡದಲ್ಲಿ ಎಮ್ಮೆ ಕಾಯೋರನ್ನ, ಬಟ್ಟೆ ಒಗೆಯೋರನ್ನ "ಎಲ್ಲಿ ಗುಂಡಿ ಐತಿ?" ಅಂತ ಕೇಳೋದು.

ಇಷ್ಟಾದ ಮೇಲೆ ಕೋಲು, ರೀಲು ಯಾವುದಾದ್ರೂ ತಗೊಳ್ಳಿ. ಸಿಕ್ಕಿಕೊಂಡರೆ ಹರೀರಿ. ಹರಿದ ದಾರವನ್ನ ಮಾತ್ರ ಸಾಧ್ಯವಾದಷ್ಟು ಎಳೆದು ಸುತ್ತಿ ಮನೆಗೆ ತನ್ನಿ, ಕೊಕ್ಕರೆ ಕಾಲಿಗೆ ಸುತ್ತಿಕೊಳ್ಳುತ್ತೆ.

ಸರ್ವಜ್ಞನ ಹೆಸರು ಹೇಳಿದರೆ ಮಾಸೂರಿನ ಜೊತೆ ನಮ್ಮೂರಿನ ಹೆಸರೂ ಬರುತ್ತೆ. ಊರೂರು ತಿರುಗಿದ ಆ ಮನುಷ್ಯನ ಕೈಲಿ ಇದ್ದ ಸಾಮಾನು ಒಂದು ಕಪ್ಪರ ಅಂತಾರೆ. ಅವನ ಕೆಲಸಕ್ಕೆ ಅದು ಸಾಕಾಗಿತ್ತು. ನನ್ನ ಹನ್ನೊಂದು ಸಾವಿರದ ಚೀಲದಲ್ಲಿ ಬೇಕಾದ್ದೊಂದು ಇರಲಿಲ್ಲ.

ಮುರಿದ ಕೋಲು ಈಗಲೂ ಊರ ಮನೆಯ ಅಟ್ಟದ ಮೇಲಿದೆ. ಅಕ್ಕನ ಮಗ ಮತ್ತೆ ಗಾಳ ಹಾಕ್ತಾನೆ, ಬಿದಿರು ಕೋಲಲ್ಲಿ, ಜಾಕೆಟ್ ಹಾಕ್ಕೊಂಡು. ಊರ ಹುಡುಗರು ನಗ್ತಾರಂತೆ. ನಗಲಿ ಬಿಡಿ.

ಮುಂದಿನ ಸಲ ನೀವು ಸಾಮಾನಿನ ಪಟ್ಟಿ ಬರೆಯುವಾಗ ಮೊದಲ ಸಾಲಲ್ಲಿ ಏನು ಬರೀತೀರಿ? ಕಾಮೆಂಟಲ್ಲಿ ಬೈಯೋದಿದ್ರೆ ಬೈಯಿರಿ, ಆದರೆ ಇದಕ್ಕೆ ಉತ್ತರ ಕೊಟ್ಟು ಬೈಯಿರಿ.