ಕಾಣದ ಸ್ನಾಯುಗಳಿಗೆ ಶಿಕ್ಷಣ

ಫಾಲ್ಗುಣ ಮಾಸದಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ರಥೋತ್ಸವಕ್ಕೆ ದೂರದೂರದ ಊರುಗಳಿಂದ ಜನ ಬಂದು ಸೇರುತ್ತಾರೆ. ಕೆಮ್ಮಿದರೆ, ನಕ್ಕರೆ, ಭಾರವೆತ್ತಿದರೆ ಮೂತ್ರ ಜಿನುಗುವ ಸ್ತ್ರೀಗೆ ಅಂತಹ ಸಂದಣಿಯಲ್ಲಿ ನಿಲ್ಲುವುದೇ ಶಿಕ್ಷೆ. ‘ಹೆತ್ತ ಮೇಲೆ ಇದು ಇದ್ದದ್ದೇ’ ಎಂದು ಆಕೆ ಜಾತ್ರೆಯನ್ನೂ ಮದುವೆಯನ್ನೂ ಬಿಟ್ಟು ಮನೆಯಲ್ಲಿ ಉಳಿಯುತ್ತಾಳೆ. ಈ ಮೌನ ಅನಾವಶ್ಯಕವೆಂಬುದು ನಮ್ಮ ಅಭಿಪ್ರಾಯ.

ಸೊಂಟದ ಎಲುಬುಗೂಡಿನ ತಳದಲ್ಲಿ, ಮುಂದಿನ ಎಲುಬಿನಿಂದ ಹಿಂದಿನ ಬಾಲದೆಲುಬಿನವರೆಗೆ, ಜೋಲಿಯ ಬಟ್ಟೆಯಂತೆ ಕೆಲವು ಸ್ನಾಯುಗಳು ಹರಡಿಕೊಂಡಿವೆ. ಇವೇ ಶ್ರೋಣಿತಳದ ಸ್ನಾಯುಗಳು. ಮೂತ್ರಕೋಶ, ಗರ್ಭಕೋಶ, ಗುದನಾಳಗಳಿಗೆ ಆಸರೆಯಾಗಿ ನಿಂತು, ಮೂತ್ರಮಲಗಳನ್ನು ಬೇಕಾದಾಗ ತಡೆಹಿಡಿಯಲು ನೆರವಾಗುವುದು ಇವುಗಳ ಕೆಲಸ. ತೂಬು ಗಟ್ಟಿಯಾಗಿದ್ದರೂ ಅದು ಕುಳಿತ ಏರಿ ಕುಸಿದರೆ ಕೆರೆಯ ನೀರು ನಿಲ್ಲದು, ಇಲ್ಲಿಯೂ ಹಾಗೆಯೇ. ಹೆರಿಗೆಯಲ್ಲಿ ಈ ಸ್ನಾಯುಗಳು ಹಿಗ್ಗುತ್ತವೆ, ಕೆಲವೊಮ್ಮೆ ಹರಿಯುತ್ತವೆ. ಬಹುಕಾಲದ ಕೆಮ್ಮು, ಮಲಬದ್ಧತೆ, ಭಾರ ಹೊರುವ ದುಡಿಮೆಗಳೂ ಇವನ್ನು ದಣಿಸುತ್ತವೆ. ಪ್ರಾಸ್ಟೇಟ್ ಗ್ರಂಥಿಯ ಶಸ್ತ್ರಚಿಕಿತ್ಸೆಯಾದ ಪುರುಷರಿಗೂ ಈ ತೊಂದರೆ ಬರಬಹುದು.

ಆದರೆ ಇವು ನಮ್ಮ ಇಚ್ಛೆಗೆ ಅಧೀನವಾದ ಸ್ನಾಯುಗಳು. ತೋಳಿನ ಸ್ನಾಯುವಿನಂತೆ ವ್ಯಾಯಾಮದಿಂದ ಬಲಗೊಳ್ಳಬಲ್ಲವು. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಈ ವಿಧಾನವನ್ನು ಪ್ರಕಟಿಸಿದನು. ಮೂತ್ರವನ್ನೂ ಅಪಾನವಾಯುವನ್ನೂ ಒಟ್ಟಿಗೆ ತಡೆಯುವಂತೆ ಸ್ನಾಯುಗಳನ್ನು ಮೇಲಕ್ಕೆ ಸೆಳೆದು, ಕೆಲವು ಸೆಕೆಂಡು ಹಿಡಿದು, ಬಳಿಕ ಪೂರ್ತಿಯಾಗಿ ಸಡಿಲಿಸಬೇಕು. ಉಸಿರು ಕಟ್ಟಬಾರದು, ಹೊಟ್ಟೆ, ಪೃಷ್ಠ, ತೊಡೆಗಳನ್ನು ಬಿಗಿಯಬಾರದು. ಸಲಕ್ಕೆ 8ರಂತೆ ದಿನಕ್ಕೆ 3 ಸಲ, ಕಡಮೆಯೆಂದರೆ 3 ತಿಂಗಳು ಮಾಡಬೇಕೆಂದು ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ ಹೇಳುತ್ತದೆ. ಮೂತ್ರ ವಿಸರ್ಜಿಸುವಾಗ ಇದನ್ನು ಅಭ್ಯಾಸ ಮಾಡುವುದು ಸಲ್ಲದು. ಮೂತ್ರಕೋಶ ಬರಿದಾಗದೆ ಉಳಿಯಬಹುದು.

ಫಲವೇನು? ಮೊದಲ ವಾರಗಳಲ್ಲಿ ಹೆಚ್ಚಿನ ಬದಲಾವಣೆ ಕಾಣದು. ಸ್ನಾಯುಗಳನ್ನು ಸರಿಯಾಗಿ ದುಡಿಸುವುದನ್ನು ನರಗಳು ಮೊದಲು ಕಲಿಯಬೇಕು. ಸ್ನಾಯು ಪುಷ್ಟಿಗೊಳ್ಳುವುದು ಅನಂತರ. ಅನೇಕರಿಗೆ ಸೋರಿಕೆ ತಗ್ಗುತ್ತದೆ, ಕೆಲವರಿಗೆ ನಿಂತೇ ಹೋಗುತ್ತದೆ; ಅಭ್ಯಾಸ ಬಿಟ್ಟರೆ ಬಲ ಮತ್ತೆ ಕುಗ್ಗುತ್ತದೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಹಟ್ಟಿಯ ಸ್ವಾಮಿಗಳ ಮಾತು ಇಲ್ಲಿಗೂ ಒಪ್ಪುತ್ತದೆ. ಆದರೆ ಇದು ಸರ್ವರೋಗಗಳಿಗೂ ಮದ್ದಲ್ಲ. ಗರ್ಭಕೋಶ ಹೊರಕ್ಕೆ ಜಾರಿದ್ದರೆ, ಮೂತ್ರದಲ್ಲಿ ರಕ್ತ ಕಂಡರೆ, ಹಗಲಿರುಳೂ ಸೋರುತ್ತಿದ್ದರೆ ವೈದ್ಯರನ್ನು ಕಾಣಲೇಬೇಕು. ಕೆಲವರಲ್ಲಿ ಸ್ನಾಯುಗಳು ಅತಿ ಬಿಗಿಯಾಗಿರುವುದೇ ದೋಷ. ಅವರು ಕಲಿಯಬೇಕಾದುದು ಸಡಿಲಿಸುವುದನ್ನು. ಆದುದರಿಂದ ಬಲ್ಲವರ ಮಾರ್ಗದರ್ಶನ ಅಗತ್ಯ.

ಹಳ್ಳಿಯಲ್ಲಿ ಅದನ್ನು ಕೊಡುವವರಾರು? ಹೆರಿಗೆಯ ನಂತರದ 42 ದಿನಗಳಲ್ಲಿ ಆಶಾ ಕಾರ್ಯಕರ್ತೆಯರು ಬಾಣಂತಿಯ ಮನೆಗೆ ಹಲವು ಬಾರಿ ಹೋಗುತ್ತಾರೆ. ಮಗುವಿನ ತೂಕ ನೋಡುವಾಗಲೇ ತಾಯಿಯನ್ನು ಈ ವಿಷಯವಾಗಿ ವಿಚಾರಿಸಿ, ವ್ಯಾಯಾಮವನ್ನು ತಿಳಿಸಿ, ಅಗತ್ಯವಿದ್ದವರನ್ನು ಆಸ್ಪತ್ರೆಗೆ ಕಳುಹಿಸುವಂತೆ ಅವರಿಗೆ ತರಬೇತಿ ಕೊಡಬೇಕು. ದುಡಿಯುವ ಹೆಂಗಸಿಗೆ ಬಿಡುವೆಲ್ಲಿ ಎಂದು ಕೆಲವರು ಕೇಳಬಹುದು. ಈ ವ್ಯಾಯಾಮಕ್ಕೆ ಉಪಕರಣ ಬೇಡ. ಕುಳಿತಾಗಲೂ ನಿಂತಾಗಲೂ ಮಾಡಬಹುದು. ಆದರೆ ಹಸಿ ಬಾಣಂತಿಯ ತಲೆಯ ಮೇಲೆ ಶೇಂಗಾದ ಮೂಟೆಯನ್ನು ಹೊರಿಸಿ ವ್ಯಾಯಾಮವನ್ನಷ್ಟೇ ಬೋಧಿಸುವುದು ನ್ಯಾಯವಲ್ಲ. ಆ ಭಾರವನ್ನು ಮನೆಯವರು ಹೊರಬೇಕು.

ಜೀವಶಾಸ್ತ್ರದ ತರಗತಿಯಲ್ಲಿ ಹೃದಯ, ಶ್ವಾಸಕೋಶಗಳ ಚಿತ್ರ ಬರೆಯುವ ವಿದ್ಯಾರ್ಥಿಗಳು ಈ ಸ್ನಾಯುಗಳನ್ನೂ ನಾಚಿಕೆಯಿಲ್ಲದೆ ಅರಿಯಲಿ. ಮನೆಯಲ್ಲಿ ತಾಯಿಯೋ ಅಜ್ಜಿಯೋ ಈ ತೊಂದರೆಯನ್ನು ಮುಚ್ಚಿಟ್ಟುಕೊಂಡಿರಬಹುದು. ಇದಕ್ಕೆ ಚಿಕಿತ್ಸೆಯುಂಟೆಂದು ಅವರಿಗೆ ಹೇಳುವ ಧೈರ್ಯ ಓದಿದ ಮಕ್ಕಳಿಗೆ ಬರಲಿ.